ಬ್ಯಾಕ್ ಪಾಕೆಟ್‌ನ ಕಾವಲುಗಾರ: ಫೂಟಿಯಲ್ಲಿ ಸ್ಮಾಲ್ ಡಿಫೆಂಡರ್‌ನ ಕೆಲಸ

ಎಂಸಿಜಿ ಅಂದ ಕೂಡಲೇ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ನೆನಪಾಗೋದು 2022ರ ಅಕ್ಟೋಬರ್ 23. ಟಿ20 ವಿಶ್ವಕಪ್, ಎದುರಿಗೆ ಪಾಕಿಸ್ತಾನ, ಕೊಹ್ಲಿಯ ಅಜೇಯ 82. ಅವತ್ತು ಆ ಮೈದಾನದಲ್ಲಿ 90 ಸಾವಿರಕ್ಕೂ ಹೆಚ್ಚು ಜನ ಇದ್ದರು. ಆದರೆ ಕೊಹ್ಲಿ ಆಡಿದ ಆ ಪಿಚ್ ವರ್ಷವಿಡೀ ಅಲ್ಲಿ ಇರೋದಿಲ್ಲ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಬೇರೆ ಕಡೆ ಬೆಳೆಸಿ, ತಂದು ಕೂರಿಸುವ ಪಿಚ್ ಅದು. ಕ್ರಿಕೆಟ್ ಮುಗಿದ ಮೇಲೆ ಅದನ್ನು ಎತ್ತಿ ಹೊರಗೆ ಸಾಗಿಸುತ್ತಾರೆ. ಯಾಕಂದ್ರೆ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮೈದಾನ ಇನ್ನೊಂದು ಆಟದ್ದು. ಅದರ ಹೆಸರು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಅಲ್ಲಿನವರ ಬಾಯಲ್ಲಿ 'ಫೂಟಿ'.

ಎರಡು ಆಟಕ್ಕೂ ನಂಟು ಹಳೆಯದು. 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಿರಲಿ, ಅದಕ್ಕೊಂದು ಫುಟ್‌ಬಾಲ್ ಕ್ಲಬ್ ಕಟ್ಟೋಣ ಅಂತ ಪತ್ರಿಕೆಗೆ ಪತ್ರ ಬರೆದ. ಮರುವರ್ಷವೇ ಮೆಲ್ಬರ್ನ್‌ನಲ್ಲಿ ನಿಯಮಗಳು ಬರಹಕ್ಕೆ ಬಂದವು. ಇವತ್ತು ಎಎಫ್‌ಎಲ್ ಎಂಬ ದೊಡ್ಡ ಲೀಗ್ ಇದೆ. ಅದರ ಗ್ರ್ಯಾಂಡ್ ಫೈನಲ್ ದಿನ ಇಡೀ ಮೆಲ್ಬರ್ನ್‌ಗೆ ಬೇರೆ ಕೆಲಸವೇ ಇರೋದಿಲ್ಲ.

ನಾವು ಕೆಲವರು ಈ ಆಟದ ಹೈಲೈಟ್ಸ್ ನೋಡೋಕೆ ಶುರು ಮಾಡಿದ್ದು ರಾತ್ರಿ ಊಟ ಆದ ಮೇಲೆ, ಸುಮ್ಮನೆ ಟೈಮ್‌ಪಾಸ್‌ಗೆ. ಎದುರಾಳಿಯ ಹೆಗಲ ಮೇಲೆ ಮೊಣಕಾಲೂರಿ ಗಾಳಿಯಲ್ಲಿ ಚೆಂಡು ಹಿಡಿಯೋರು, 50 ಮೀಟರ್ ದೂರದಿಂದ ಗೋಲು ಹೊಡೆಯೋರು, ಇವರೇ ನಮ್ಮ ಹೀರೋಗಳು. ಆಮೇಲೆ ಒಂದು ದಿನ ಪೂರ್ತಿ ಪಂದ್ಯ ನೋಡುವಾಗ ನಮ್ಮಲ್ಲೊಬ್ಬ ಒಂದು ಪ್ರಯೋಗ ಮಾಡಿದ. ಒಂದು ಕ್ವಾರ್ಟರ್ ಪೂರ್ತಿ ಚೆಂಡನ್ನು ಬಿಟ್ಟು, ಗೋಲಿನ ಪಕ್ಕದ ಮೂಲೆಯಲ್ಲಿದ್ದ ಒಬ್ಬ ಚಿಕ್ಕ ಆಳಿನ ಡಿಫೆಂಡರ್‌ನನ್ನೇ, ಅವನು ಫ್ರೇಮಿನಲ್ಲಿ ಕಂಡಾಗಲೆಲ್ಲ ನೋಡುತ್ತಾ ಕೂತ. ಕೊನೆಗೆ "ಏನಾಯ್ತೋ?" ಅಂತ ಕೇಳಿದ್ವಿ. "ಏನೂ ಆಗಲಿಲ್ಲ ಕಣ್ರೋ. ಅವನು ಮೂರು ಸಲ ಚೆಂಡು ಮುಟ್ಟಿದ. ಅವನ ಎದುರಾಳಿ ಒಂದು ಸಲವೂ ಸರಿಯಾಗಿ ಮುಟ್ಟಲಿಲ್ಲ" ಅಂದ.

ಈ ಲೇಖನ ಆ 'ಏನೂ ಆಗಲಿಲ್ಲ' ಅನ್ನೋದರ ಬಗ್ಗೆ. ಅದನ್ನು ವಾರ ವಾರವೂ ಮಾಡಿ ತೋರಿಸೋಕೆ ಏನೇನು ಬೇಕು ಅಂತ ನೋಡೋಣ.

ಮೊದಲು ಆಟ, ಚುಟುಕಾಗಿ

ಮೈದಾನ ಮೊಟ್ಟೆಯಾಕಾರದ್ದು, ಚೆಂಡೂ ಹಾಗೇ. ಮೈದಾನದ ಉದ್ದ 135ರಿಂದ 185 ಮೀಟರ್ ಇರಬಹುದು. ತಂಡಕ್ಕೆ 18 ಜನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ, ನಡುವಿನ ಎರಡು ಎತ್ತರ, ಪಕ್ಕದ ಎರಡು ಗಿಡ್ಡ. ಒದ್ದ ಚೆಂಡು ಯಾರ ಕೈಗೂ ತಾಗದೆ ಎತ್ತರದ ಕಂಬಗಳ ನಡುವೆ ಹೋದರೆ 'ಗೋಲ್', 6 ಅಂಕ. ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ, ಅಥವಾ ಎತ್ತರದ ಕಂಬಕ್ಕೆ ಬಡಿದರೆ, ಅಥವಾ ಡಿಫೆಂಡರ್ ಮುಟ್ಟಿ ಗೆರೆ ದಾಟಿದರೆ 'ಬಿಹೈಂಡ್', 1 ಅಂಕ. ಈ 6 ಮತ್ತು 1 ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಚೆಂಡನ್ನು ಎಸೆಯುವಂತಿಲ್ಲ. ಒದೆಯಬೇಕು, ಇಲ್ಲ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ದಾಟಿಸಬೇಕು. ಓಡಬಹುದು, ಆದರೆ 15 ಮೀಟರ್‌ಗೊಮ್ಮೆ ಚೆಂಡನ್ನು ನೆಲಕ್ಕೆ ಬಡಿಯಬೇಕು ಅಥವಾ ತಾಗಿಸಬೇಕು. ಕನಿಷ್ಠ 15 ಮೀಟರ್ ಹಾರಿ ಬಂದ ಕಿಕ್ಕನ್ನು ನೇರವಾಗಿ ಹಿಡಿದರೆ ಅದು 'ಮಾರ್ಕ್'. ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯುವ ಅವಕಾಶ ಸಿಗುತ್ತದೆ. ಆಫ್‌ಸೈಡ್ ಎಂಬ ನಿಯಮವೇ ಇಲ್ಲ. ಅಂದ್ರೆ ಎದುರಾಳಿ ಎಲ್ಲಿ ಬೇಕಾದರೂ ಬಂದು ನಿಲ್ಲಬಹುದು, ನಿಮ್ಮ ಬೆನ್ನ ಹಿಂದೆಯೂ.

ಸ್ಮಾಲ್ ಅಂದ್ರೆ ಯಾರು, ಎದುರಿಗೆ ಯಾರು

ಹಿಂದಿನ ಸಾಲಿನಲ್ಲಿ ಸಾಂಪ್ರದಾಯಿಕವಾಗಿ ಆರು ಜನ. ಗೋಲಿನ ಎದುರು ಫುಲ್ ಬ್ಯಾಕ್, ಅವನ ಎಡಬಲದಲ್ಲಿ ಎರಡು ಬ್ಯಾಕ್ ಪಾಕೆಟ್, ಸ್ವಲ್ಪ ಮುಂದೆ ಹಾಫ್ ಬ್ಯಾಕ್ ಸಾಲಿನ ಮೂವರು. 195 ಸೆಂಟಿಮೀಟರ್ ಆಸುಪಾಸಿನ ಎತ್ತರದವರು ಎದುರಾಳಿಯ ಎತ್ತರದ ಫಾರ್ವರ್ಡ್‌ಗಳನ್ನು ನೋಡಿಕೊಳ್ತಾರೆ. 175ರಿಂದ 185ರ ಆಸುಪಾಸಿನವರು ಸ್ಮಾಲ್ ಡಿಫೆಂಡರ್‌ಗಳು. ನಮ್ಮ ಕ್ಲಾಸಿನಲ್ಲಿ ನಿಂತರೆ ಇವರು ಚಿಕ್ಕವರೇನಲ್ಲ, ಅಲ್ಲಿ ಚಿಕ್ಕವರು ಅಷ್ಟೇ.

ಇವರ ಪಾಲಿಗೆ ಬರೋದು ಸ್ಮಾಲ್ ಫಾರ್ವರ್ಡ್. ಈ ಆಸಾಮಿ ಎತ್ತರದ ಚೆಂಡಿಗೆ ಹಾರಲೇಬೇಕು ಅಂತಿಲ್ಲ. ದೊಡ್ಡವರು ಮೇಲೆ ಗುದ್ದಾಡುವಾಗ ಕೆಳಗೆ ಉದುರಿದ್ದನ್ನು ಹೆಕ್ಕಿ, ಎರಡು ಹೆಜ್ಜೆಯಲ್ಲಿ ತಿರುಗಿ ಗೋಲು ಹೊಡೀತಾನೆ. ಎಡ್ಡಿ ಬೆಟ್ಸ್ ಇಂಥವರಲ್ಲಿ ಹೆಸರಾದವನು. ಕಾರ್ಲ್‌ಟನ್ ಮತ್ತು ಅಡಿಲೇಡ್ ತಂಡಗಳಿಗೆ 350 ಪಂದ್ಯ ಆಡಿ 640 ಗೋಲು ಹೊಡೆದ. ವರ್ಷದ ಅತ್ಯುತ್ತಮ ಗೋಲಿನ ಪ್ರಶಸ್ತಿ ನಾಲ್ಕು ಸಲ ಅವನಿಗೇ ಬಂತು. ಅಡಿಲೇಡ್ ಓವಲ್‌ನ ಒಂದು ಮೂಲೆಯನ್ನು ಜನ 'ಎಡ್ಡೀಸ್ ಪಾಕೆಟ್' ಅಂತಲೇ ಕರೆದರು. ಆ ಮೂಲೆಯಿಂದ ಗೋಲು ಕಾಣೋದೇ ಕಷ್ಟ, ಅವನು ಅಲ್ಲಿಂದ ಹೊಡೀತಿದ್ದ.

ಈಗ ಯೋಚಿಸಿ. ಅಂಥವನು ನಿಮ್ಮ ಪಾಲಿಗೆ ಬಂದಿದ್ದಾನೆ. ಎರಡು ಗಂಟೆಗೂ ಮಿಕ್ಕ ಪಂದ್ಯದಲ್ಲಿ ಅವನಿಗೆ ಮೂರು ಚಾನ್ಸ್ ಸಿಕ್ಕರೆ ಸಾಕು, ಅವನು ಹೀರೋ. ನೀವು 20 ಸಲ ತಡೆದು ಮೂರು ಸಲ ತಪ್ಪಿದರೆ ನೀವೇ ಸೋಲಿಗೆ ಕಾರಣ. ಈ ಲೆಕ್ಕ ನ್ಯಾಯದ್ದಲ್ಲ. ಆದರೆ ಡಿಫೆಂಡರ್ ಕೆಲಸ ಒಪ್ಪಿಕೊಂಡವನು ಈ ಲೆಕ್ಕವನ್ನೂ ಒಪ್ಪಿಕೊಂಡೇ ಮೈದಾನಕ್ಕೆ ಇಳಿಯಬೇಕು.

ಆರಕ್ಕೆ ಬದಲು ಒಂದು

ನಂಬಿಕಸ್ಥ ಡಿಫೆಂಡರ್‌ಗೆ ಮೊದಲು ಬೇಕಾದ್ದು ಕಾಲಿನ ವೇಗ ಅಲ್ಲ, ಈ ಲೆಕ್ಕಾಚಾರ. ಎಲ್ಲಾ ಚೆಂಡನ್ನೂ ಗೆಲ್ಲೋಕೆ ಆಗಲ್ಲ. ಗೆಲ್ಲೋಕೆ ಆಗದಿದ್ದಾಗ ನಷ್ಟವನ್ನು 6ರಿಂದ 1ಕ್ಕೆ ಇಳಿಸಬಹುದಾ? ಆದರೆ ಇಳಿಸಬೇಕು.

ಇದರ ಅತಿರೇಕದ ಉದಾಹರಣೆ 2008ರ ಗ್ರ್ಯಾಂಡ್ ಫೈನಲ್. ಜೀಲಾಂಗ್ ತಂಡ 11 ಗೋಲು, 23 ಬಿಹೈಂಡ್ ಗಳಿಸಿ 89 ಅಂಕ ಮಾಡಿತು. ಹಾಥಾರ್ನ್ 18 ಗೋಲು, 7 ಬಿಹೈಂಡ್, 115 ಅಂಕ. ಸ್ಕೋರ್ ಮಾಡಿದ ಸಲಗಳನ್ನು ಎಣಿಸಿದರೆ ಜೀಲಾಂಗ್‌ನದು 34, ಹಾಥಾರ್ನ್‌ನದು 25. ಆದರೂ ಹಾಥಾರ್ನ್ 26 ಅಂಕಗಳಿಂದ ಗೆದ್ದಿತು. ಜೀಲಾಂಗ್‌ನ ಆ 23 ಬಿಹೈಂಡ್‌ಗಳಲ್ಲಿ 11 ಹಾಥಾರ್ನ್‌ನವರೇ ತಮ್ಮ ಗೆರೆಯಾಚೆ ದಾಟಿಸಿ ಕೊಟ್ಟವು! ಬಿಹೈಂಡ್ ಆದ ಮೇಲೆ ಚೆಂಡು ಡಿಫೆಂಡಿಂಗ್ ತಂಡಕ್ಕೇ ಸಿಗುತ್ತದೆ. ಅಂದ್ರೆ ಒಂದು ಅಂಕದ ಬೆಲೆಗೆ ಅಪಾಯವೂ ತಪ್ಪಿತು, ಚೆಂಡೂ ಕೈಗೆ ಬಂತು. ಒಳ್ಳೇ ವ್ಯಾಪಾರ. ಇದು ಎಷ್ಟು ಒಳ್ಳೇ ವ್ಯಾಪಾರ ಅಂದ್ರೆ, ಮುಂದಿನ ವರ್ಷವೇ ನಿಯಮ ಬದಲಾಯಿಸಿದರು. 2009ರಿಂದ ಒತ್ತಡವಿಲ್ಲದೆ ಬೇಕಂತಲೇ ಗೆರೆ ದಾಟಿಸಿದರೆ ಎದುರಾಳಿಗೆ ಫ್ರೀ ಕಿಕ್. ನಿಜವಾದ ಒತ್ತಡದಲ್ಲಿ ದಾಟಿಸಿದರೆ ಮಾತ್ರ ಮಾಫಿ. ಹಾಗಾಗಿ ಇವತ್ತಿನ ಡಿಫೆಂಡರ್‌ಗೆ ಇನ್ನೊಂದು ಜವಾಬ್ದಾರಿ ಸೇರಿದೆ. ತನ್ನ ಮೇಲೆ ನಿಜಕ್ಕೂ ಎಷ್ಟು ಒತ್ತಡ ಇದೆ ಅಂತ ಆ ಅರೆಕ್ಷಣದಲ್ಲಿ ಅಳೆಯಬೇಕು.

ಕೋನದ ಲೆಕ್ಕ

ಇದು ನಮ್ಮಂಥವರಿಗೆ ಇಷ್ಟವಾಗೋ ಭಾಗ. ಎರಡು ಗೋಲ್ ಕಂಬಗಳ ನಡುವಿನ ಅಂತರ 6.4 ಮೀಟರ್. ನೇರ ಎದುರಿಗೆ 30 ಮೀಟರ್ ದೂರದಲ್ಲಿ ನಿಂತವನಿಗೆ ಈ ಸಂದಿ ಸುಮಾರು 12 ಡಿಗ್ರಿಯಷ್ಟು ಅಗಲವಾಗಿ ಕಾಣುತ್ತೆ. ಅದೇ 30 ಮೀಟರ್ ದೂರದಲ್ಲಿ, ಆದರೆ ನಡುಗೆರೆಯಿಂದ 70 ಡಿಗ್ರಿ ಪಕ್ಕಕ್ಕೆ ಸರಿದು ನಿಂತವನಿಗೆ? ಆ 12 ಅನ್ನು ಕಾಸ್ 70ರಿಂದ ಗುಣಿಸಿ. ಸುಮಾರು 4 ಡಿಗ್ರಿ. ದೂರ ಅಷ್ಟೇ ಇದೆ, ಗುರಿ ಮೂರನೇ ಒಂದು ಭಾಗಕ್ಕೆ ಕುಗ್ಗಿತು.

ಮೊದಲ ಸೆಮಿಸ್ಟರ್‌ನಲ್ಲಿ ಓದಿದ ಟ್ರಿಗನಾಮೆಟ್ರಿ ಇಲ್ಲಿ ಬದುಕಿನ ಪ್ರಶ್ನೆ. ನಂಬಿಕಸ್ಥ ಡಿಫೆಂಡರ್ ಯಾವಾಗಲೂ ತನ್ನ ಎದುರಾಳಿಗಿಂತ ಗೋಲಿಗೆ ಹತ್ತಿರ, ಮೈದಾನದ ನಡುಭಾಗದ ಕಡೆಗೆ ನಿಲ್ಲುತ್ತಾನೆ. ಎದುರಾಳಿಗೆ ಓಡೋಕೆ ಒಂದು ದಾರಿ ಬಿಟ್ಟಿರುತ್ತಾನೆ, ಆದರೆ ಅದು ಹೊರಗಿನ ಗೆರೆಯ ಕಡೆಗಿನ ದಾರಿ. "ಬಾ, ಚೆಂಡು ಹಿಡಿ, ಆದರೆ ಆ ಮೂಲೆಯಲ್ಲಿ ಹಿಡಿ" ಅನ್ನೋ ಧೋರಣೆ. ಅವನು ಅಲ್ಲಿ ಮಾರ್ಕ್ ಹಿಡಿದರೆ ಟಿವಿಯಲ್ಲಿ ಡಿಫೆಂಡರ್ ಸೋತಂತೆ ಕಾಣುತ್ತೆ. ಮುಂದಿನ ಕಿಕ್ ಪಕ್ಕದ ಸಂದಿಯಲ್ಲಿ ಹೋಗಿ 1 ಅಂಕ ಬಂದಾಗ ಕ್ಯಾಮೆರಾ ಒದ್ದವನ ಸಪ್ಪೆ ಮುಖ ತೋರಿಸುತ್ತೆ. ಅವನನ್ನು ಆ ಮೂಲೆಗೆ ತಳ್ಳಿದವನು ಫ್ರೇಮಿನಲ್ಲೇ ಇರೋದಿಲ್ಲ.

ಎಡ್ಡಿ ಬೆಟ್ಸ್‌ನಂಥವನು ಆ 4 ಡಿಗ್ರಿಯಲ್ಲೂ ಹೊಡೀತಾನೆ, ನಿಜ. ಆದರೆ ಅದನ್ನು ದಿನವೂ ಹೊಡೆಯೋಕೆ ಅವನಿಂದಲೂ ಆಗಲ್ಲ. ಡಿಫೆಂಡರ್ ನಂಬಿರೋದು ಆ 'ದಿನವೂ' ಅನ್ನೋ ಮಾತನ್ನು.

ನೆಲದ ಚೆಂಡು: ಕಾಲ ಮೇಲೆ ನಿಂತವನೇ ಜಾಣ

ಫೂಟಿ ಚೆಂಡಿನ ಸುತ್ತಳತೆ ಉದ್ದಕ್ಕೆ 72 ಸೆಂಟಿಮೀಟರ್ ಚಿಲ್ಲರೆ, ಅಡ್ಡಕ್ಕೆ 55ರ ಹತ್ತಿರ. ಹೊಟ್ಟೆಯ ಮೇಲೆ ಬಿದ್ದರೆ ಒಂದು ಥರ ಪುಟಿಯುತ್ತೆ, ಮೂತಿಯ ಮೇಲೆ ಬಿದ್ದರೆ ಇನ್ನೊಂದು ಥರ. ಯಾವುದರ ಮೇಲೆ ಬೀಳುತ್ತೆ ಅಂತ ಆ ಗುಂಪಿನ ಮಧ್ಯೆ ಯಾರಿಗೂ ಹೇಳೋಕಾಗಲ್ಲ.

2010ರ ಗ್ರ್ಯಾಂಡ್ ಫೈನಲ್‌ನಲ್ಲಿ ಏನಾಯ್ತು ನೋಡಿ. ಕಾಲಿಂಗ್‌ವುಡ್ ಮತ್ತು ಸೇಂಟ್ ಕಿಲ್ಡಾ. ಆಟ ಮುಗಿಯೋ ಹೊತ್ತು, ಸೇಂಟ್ ಕಿಲ್ಡಾ 1 ಅಂಕ ಹಿಂದೆ. ಲೆನ್ನಿ ಹೇಸ್ ಒದ್ದ ಚೆಂಡು ಗೋಲಿನ ಕಡೆ ಹೋಯಿತು, ಸ್ಮಾಲ್ ಫಾರ್ವರ್ಡ್ ಸ್ಟೀಫನ್ ಮಿಲ್ನ್ ಅದರ ಹಿಂದೆ ಓಡಿದ. ಚೆಂಡು ಅವನ ಕೈಗೆ ಪುಟಿದು ಬಂದಿದ್ದರೆ ಕಪ್ ಬಹುಶಃ ಸೇಂಟ್ ಕಿಲ್ಡಾದ್ದು. ಅದು ಪಕ್ಕಕ್ಕೆ ತಿರುಗಿ ಬಿಹೈಂಡ್ ಗೆರೆ ದಾಟಿತು. 68-68, ಡ್ರಾ. ಆಗಿನ ನಿಯಮದಂತೆ ಮುಂದಿನ ವಾರ ಮತ್ತೆ ಇಡೀ ಫೈನಲ್ ಆಡಬೇಕಾಯ್ತು.

ಪುಟಿತ ಯಾರ ಕೈಯಲ್ಲೂ ಇಲ್ಲ ಅಂದ ಮೇಲೆ ಡಿಫೆಂಡರ್ ಮಾಡಬಹುದಾದ್ದು ಏನು? ಪುಟಿತ ಯಾವ ಕಡೆ ಹೋದರೂ ತಾನು ಪೂರ್ತಿ ಕೆಟ್ಟ ಜಾಗದಲ್ಲಿ ಇರದಂತೆ ನೋಡಿಕೊಳ್ಳೋದು. ಅದಕ್ಕೆ ಇವರು ಪಾಲಿಸೋ ನಿಯಮ ಸರಳ. ಮೊಣಕಾಲು ಬಗ್ಗಿಸಿ, ಮೈ ತಗ್ಗಿಸಿ, ಕಾಲ ಮೇಲೆ ನಿಲ್ಲು. ನೆಲಕ್ಕೆ ಡೈವ್ ಹೊಡೆದರೆ ಒಂದೇ ಚಾನ್ಸ್. ಚೆಂಡು ಸಿಗದಿದ್ದರೆ ನೀವು ಮಲಗಿರ್ತೀರಿ, ಎದುರಾಳಿ ಗೋಲಿನ ಕಡೆ ಓಡ್ತಿರ್ತಾನೆ. ನಿಂತಿದ್ದರೆ ಮೊದಲ ಪ್ರಯತ್ನ ತಪ್ಪಿದರೂ ಎರಡನೆಯದಕ್ಕೆ ಅವಕಾಶ ಇದೆ. ಚೆಂಡು ಕೈಗೆ ಕಚ್ಚದಿದ್ದರೆ ಕಾಲಿನಿಂದಾದರೂ, ಮುಷ್ಟಿಯಿಂದಾದರೂ ಗೆರೆಯ ಕಡೆಗೆ ತಳ್ಳು. ಆದರೆ ಇಲ್ಲೂ ಎಚ್ಚರ. ಬೇಕಂತಲೇ ಹೊರಗೆ ಕಳಿಸಿದ ಅಂತ ಅಂಪೈರ್‌ಗೆ ಅನಿಸಿದರೆ ಫ್ರೀ ಕಿಕ್.

ಗುದ್ದಬೇಕಾ, ಹಿಡಿಯಬೇಕಾ

ಎತ್ತರದ ಚೆಂಡಿಗೆ ಡಿಫೆಂಡರ್‌ನ ಮೊದಲ ಆಯುಧ 'ಸ್ಪಾಯ್ಲ್', ಅಂದ್ರೆ ಎದುರಾಳಿ ಹಿಡಿಯೋ ಮುಂಚೆ ಮುಷ್ಟಿಯಿಂದ ಚೆಂಡನ್ನು ಗುದ್ದಿ ಹಾರಿಸೋದು. ಗಾಳಿಯ ಎಳೆತ ಲೆಕ್ಕಕ್ಕೆ ತಗೊಳ್ಳದೆ, 45 ಡಿಗ್ರಿಯಲ್ಲಿ ಒದ್ದ 50 ಮೀಟರ್ ಕಿಕ್ ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತೆ ಅಂತ ಲೆಕ್ಕ ಹಾಕಿ. ಸುಮಾರು 3.2 ಸೆಕೆಂಡ್ ಬರುತ್ತೆ. ಆ ಮೂರು ಸೆಕೆಂಡಿನಲ್ಲಿ ಚೆಂಡು ಎಲ್ಲಿ ಬೀಳುತ್ತೆ, ನನ್ನವನು ಎಲ್ಲಿದ್ದಾನೆ, ನಾನು ಅದರ ಹತ್ತಿರ ತಲುಪ್ತೀನಾ, ತಲುಪಿದರೆ ಹಿಡೀಲಾ ಗುದ್ದಲಾ, ಎಲ್ಲ ತೀರ್ಮಾನ ಆಗಬೇಕು. ಜೊತೆಗೆ ಎದುರಾಳಿಯ ಬೆನ್ನು ತಳ್ಳಬಾರದು, ಕೈಗೆ ಹೊಡೆಯಬಾರದು. ತಪ್ಪಿದರೆ ಗೋಲಿನ ಮುಂದೆಯೇ ಅವನಿಗೆ ಫ್ರೀ ಕಿಕ್.

ಅನುಮಾನ ಇದ್ದರೆ ಗುದ್ದು. ಇದು ಹಳೇ ಪಾಠ, ಹೆಚ್ಚಿನ ಸಲ ಸರಿಯಾದ ಪಾಠ. ಹಿಡಿಯೋಕೆ ಹೋಗಿ ಜಾರಿದರೆ ಚೆಂಡು ಅಲ್ಲೇ ಕಾಲ ಬುಡದಲ್ಲಿ ಬೀಳುತ್ತೆ, ಹೆಕ್ಕೋಕೆ ಸ್ಮಾಲ್ ಫಾರ್ವರ್ಡ್ ಕಾದಿರ್ತಾನೆ. ಬಲವಾಗಿ, ಅದೂ ಹೊರಗಿನ ಗೆರೆಯ ಕಡೆಗೆ ಗುದ್ದಿದರೆ ಅಪಾಯ ಅಷ್ಟು ದೂರ ಹೋಗುತ್ತೆ. ಗೋಲಿನ ಎದುರಿಗೆ ಗುದ್ದಿದರೆ ಅದು ಸ್ಪಾಯ್ಲ್ ಅಲ್ಲ, ಎದುರಾಳಿಗೆ ಕೊಟ್ಟ ಪಾಸ್.

ಆದರೆ ಪಾಠವನ್ನು ಯಾವಾಗ ಮೀರಬೇಕು ಅನ್ನೋದೂ ಗೊತ್ತಿರಬೇಕು. 2005ರ ಗ್ರ್ಯಾಂಡ್ ಫೈನಲ್, ಸಿಡ್ನಿ ಮತ್ತು ವೆಸ್ಟ್ ಕೋಸ್ಟ್. ಕೊನೆಯ ಕ್ಷಣಗಳು, ಸಿಡ್ನಿ 4 ಅಂಕ ಮುಂದೆ, 58-54. ವೆಸ್ಟ್ ಕೋಸ್ಟ್‌ನ ಡೀನ್ ಕಾಕ್ಸ್ ಒಂದು ಉದ್ದದ ಕಿಕ್ಕನ್ನು ಗೋಲಿನ ಕಡೆ ಒದ್ದ. ಕೆಳಗೆ ದೊಡ್ಡ ಗುಂಪು ಕಾದಿತ್ತು. ಸಿಡ್ನಿಯ ಲಿಯೋ ಬ್ಯಾರಿ ಪಕ್ಕದಿಂದ ಓಡಿ ಬಂದು, ಆ ಗುಂಪಿನ ಮೇಲೆ ಹಾರಿ, ಚೆಂಡನ್ನು ಹಿಡಿದ. ಗುದ್ದಲಿಲ್ಲ, ಹಿಡಿದ. ಆಟ ಮುಗಿಯಿತು. ಸಿಡ್ನಿಯ ಕ್ಲಬ್‌ಗೆ 72 ವರ್ಷಗಳ ನಂತರ ಕಪ್ ಬಂತು.

ಬ್ಯಾರಿ ಎತ್ತರದ ಎದುರಾಳಿಗಳನ್ನು ಕಾಯೋ ಜಾಗದಲ್ಲಿ ಆಡ್ತಿದ್ದ, ಆದರೆ ಅವನ ಎತ್ತರ ಸುಮಾರು 184 ಸೆಂಟಿಮೀಟರ್. ಆ ಜಾಗಕ್ಕೆ ಚಿಕ್ಕ ಆಳು. ಗುದ್ದಿದ್ದರೆ ಚೆಂಡು ನೆಲಕ್ಕೆ ಬೀಳ್ತಿತ್ತು, ಆ ಪುಟಿತ ಯಾರ ಪಾಲಾಗ್ತಿತ್ತೋ ಏನೋ. ಹಿಡಿದಿದ್ದರಿಂದ ಪುಟಿತಕ್ಕೆ ಅವಕಾಶವೇ ಇರಲಿಲ್ಲ. ನೋಡೋರಿಗೆ ಅದು ಸಾಹಸ. ನಮಗೆ ಅನಿಸೋದು, ವರ್ಷಗಟ್ಟಲೆ ಸಾವಿರಾರು ಚೆಂಡುಗಳನ್ನು ಗುದ್ದಿ ಗುದ್ದಿ ಅಳತೆ ಕಲಿತವನಿಗೆ ಮಾತ್ರ ಇದು ಗುದ್ದೋ ಚೆಂಡಲ್ಲ ಅಂತ ಹೊಳೆಯುತ್ತೆ.

ಇಲ್ಲೇ ಧೈರ್ಯದ ಮಾತೂ ಹೇಳಿಬಿಡೋಣ. ತನ್ನ ತಲೆ ಮೇಲಿಂದ ಬರೋ ಚೆಂಡನ್ನೇ ನೋಡುತ್ತಾ ಹಿಂದಕ್ಕೆ ಓಡೋವಾಗ, ಎದುರಿನಿಂದ 100 ಕಿಲೋ ಆಸಾಮಿ ನುಗ್ಗಿ ಬರ್ತಿರೋದು ಡಿಫೆಂಡರ್‌ಗೆ ಕಾಣೋದೇ ಇಲ್ಲ. ಇದು ಆಟದ ಅತಿ ಅಪಾಯದ ಓಟ. ಹಿಂದೆಲ್ಲ ತಲೆಗೆ ಪೆಟ್ಟಾದರೂ ಮತ್ತೆ ಬಂದು ಆಡೋದೇ ಗಂಡಸುತನ ಅಂತ ಚಪ್ಪಾಳೆ ಬೀಳ್ತಿತ್ತು. 2021ರಿಂದ ಎಎಫ್‌ಎಲ್‌ನಲ್ಲಿ ಕನ್ಕಷನ್ ಆದವರು ಕನಿಷ್ಠ 12 ದಿನ ಆಡುವಂತಿಲ್ಲ. ಧೈರ್ಯ ಬೇಕು, ಆದರೆ ತಂಡಕ್ಕೆ ಮುಂದಿನ ವಾರವೂ ಬೇಕಾಗೋ ಧೈರ್ಯ.

ತಪ್ಪಿದ ಮೇಲೆ ಏನು ಮಾಡ್ತಾನೆ

ಎಷ್ಟೇ ಲೆಕ್ಕ ಹಾಕಿದರೂ ಕೆಲವು ಸಲ ಎದುರಾಳಿ ತಪ್ಪಿಸಿಕೊಳ್ತಾನೆ. ನಂಬಿಕಸ್ಥ ಅನ್ನೋ ಪದಕ್ಕೆ ನಿಜವಾದ ಪರೀಕ್ಷೆ ಆಗ.

2010ರ ಆ ಡ್ರಾ ಆದ ಫೈನಲ್ ಮತ್ತೆ ನಡೆದದ್ದು ಅಕ್ಟೋಬರ್ 2ರಂದು. ಮೊದಲ ಕ್ವಾರ್ಟರ್‌ನಲ್ಲಿ ಸೇಂಟ್ ಕಿಲ್ಡಾದ ನಾಯಕ ನಿಕ್ ರೀವೋಲ್ಟ್ ಗೋಲಿನ ಬಾಯಲ್ಲೇ ಚೆಂಡು ಹಿಡಿದು ಒದೆಯೋಕೆ ಸಿದ್ಧನಾಗಿದ್ದ. ಸ್ಕೋರ್‌ಬೋರ್ಡಿನವರು ಆಗಲೇ 6 ಬರೆಯಬಹುದಿತ್ತು. ಕಾಲಿಂಗ್‌ವುಡ್‌ನ ಡಿಫೆಂಡರ್ ಹೀತ್ ಶಾ ಹಿಂದಿನಿಂದ ಓಡಿ ಬಂದು, ಮೈಯನ್ನೇ ಮುಂದಕ್ಕೆ ಎಸೆದು, ಕಾಲಿನಿಂದ ಹೊರಟ ಚೆಂಡಿಗೆ ಕೈ ಅಡ್ಡ ಹಾಕಿದ. ಇದಕ್ಕೆ 'ಸ್ಮದರ್' ಅಂತಾರೆ. ಗೋಲು ಆಗಲಿಲ್ಲ. ಕಾಲಿಂಗ್‌ವುಡ್ ಕೊನೆಗೆ 108-52ರಲ್ಲಿ ಗೆದ್ದಿತು. 56 ಅಂಕಗಳ ಅಂತರದ ಗೆಲುವಿನಲ್ಲಿ 6 ಅಂಕ ಉಳಿಸಿದ್ದು ಲೆಕ್ಕಕ್ಕೆ ಸಣ್ಣದು. ಆದರೂ ಆ ಪಂದ್ಯ ಅಂದ ಕೂಡಲೇ ಜನ ನೆನೆಯೋದು ಆ ಓಟವನ್ನೇ.

ಯಾಕೆ ಓಡಬೇಕು ಅನ್ನೋದಕ್ಕೆ ಸಣ್ಣ ಲೆಕ್ಕ. ಎದುರಾಳಿ 2 ಮೀಟರ್ ಮುಂದೆ ಇದ್ದಾನೆ ಅಂದ್ಕೊಳ್ಳಿ. ಒದೆಯೋಕೆ ಅವನು ವೇಗ ತಗ್ಗಿಸಲೇಬೇಕು. ಅವನು ಸೆಕೆಂಡಿಗೆ 6 ಮೀಟರ್‌ಗೆ ಇಳಿದು ನೀವು 8ರಲ್ಲೇ ಓಡುತ್ತಿದ್ದರೆ, ಒಂದೇ ಸೆಕೆಂಡಿನಲ್ಲಿ ಆ ಅಂತರ ಸೊನ್ನೆ. ಮುಟ್ಟೋಕೆ ಆಗದಿದ್ದರೂ ಹೆಜ್ಜೆ ಸದ್ದು ಅವನಿಗೆ ಕೇಳುತ್ತೆ. ಅವಸರದಲ್ಲಿ ಒದ್ದ ಕಿಕ್ 6 ಆಗೋ ಬದಲು 1 ಆಗಬಹುದು. "ಹೋಯ್ತು ಬಿಡು" ಅಂತ ನಿಂತವನಿಗೆ ಈ ಲೆಕ್ಕ ಯಾವತ್ತೂ ಕೂಡಿಬರಲ್ಲ.

ಇನ್ನೊಂದು ಥರದ ತಪ್ಪು ತಲೆ ಬಿಸಿಯಾಗೋದು. ಗೋಲು ಬಿಟ್ಟ ಸಿಟ್ಟಿನಲ್ಲಿ ಎದುರಾಳಿಯನ್ನು ತಳ್ಳಿ, ಅಂಪೈರ್ ಜೊತೆ ವಾದಕ್ಕಿಳಿದರೆ 50 ಮೀಟರ್ ದಂಡ ಬೀಳಬಹುದು. ಒಂದು ತಪ್ಪಿನ ಸಿಟ್ಟನ್ನು ಎರಡನೇ ತಪ್ಪಿನಲ್ಲಿ ತೀರಿಸಿಕೊಂಡಂತೆ. ಗೋಲು ಬಿಟ್ಟ 30 ಸೆಕೆಂಡಿನ ನಂತರವೂ ಅದೇ ಜಾಗ, ಅದೇ ನಿಲುವು, ಅದೇ ಮಾತು ಇದ್ದರೆ ಅವನನ್ನು ನಂಬಬಹುದು.

ಚೆಂಡು ಸಿಕ್ಕ ಮೇಲೆ

ಹಿಂದಿನ ಕಾಲದಲ್ಲಿ ಬ್ಯಾಕ್ ಪಾಕೆಟ್‌ನವನು ಚೆಂಡು ಸಿಕ್ಕರೆ ದೂರಕ್ಕೆ ಒದ್ದು ಕೈ ತೊಳೆದುಕೊಂಡರೆ ಸಾಕಿತ್ತು. ಈಗ ಹಾಗಲ್ಲ. 2017ರಲ್ಲಿ ರಿಚ್ಮಂಡ್ ತಂಡ ಮುಂದಿನ ಸಾಲಿನಲ್ಲಿ ಎತ್ತರದವರನ್ನು ಕಡಿಮೆ ಮಾಡಿ, ಚುರುಕು ಕಾಲಿನ ಚಿಕ್ಕವರನ್ನು ತುಂಬಿಸಿತು. ಅವರ ಕೆಲಸ ಗೋಲು ಹೊಡೆಯೋದಷ್ಟೇ ಅಲ್ಲ, ಡಿಫೆಂಡರ್‌ಗಳು ಚೆಂಡು ಹಿಡಿದ ಕೂಡಲೇ ಮೇಲೆ ಬಿದ್ದು ಟ್ಯಾಕಲ್ ಮಾಡೋದು. ಆ ವರ್ಷದ ಫೈನಲ್‌ನಲ್ಲಿ ಅಡಿಲೇಡ್ ತಂಡವನ್ನು 108-60ರಲ್ಲಿ ಸೋಲಿಸಿದರು. ಚೆಂಡು ಕಳಿಸೋಕೆ ಅವಕಾಶ ಇದ್ದೂ ಕಳಿಸದೆ ಟ್ಯಾಕಲ್‌ಗೆ ಸಿಕ್ಕಿಬಿದ್ದರೆ ಫ್ರೀ ಕಿಕ್ ಎದುರಾಳಿಗೆ. ಅದೂ ನಿಮ್ಮದೇ ಗೋಲಿನ ಮುಂದೆ.

ಹಾಗಾಗಿ ಈಗಿನ ಸ್ಮಾಲ್ ಡಿಫೆಂಡರ್‌ಗೆ ಒಂದೇ ಸಲಕ್ಕೆ ಚೆಂಡು ಹೆಕ್ಕೋ ಕೈ ಬೇಕು, ಎರಡೂ ಕಾಲಲ್ಲಿ ಒದೆಯೋಕೆ ಬರಬೇಕು, ಓಡಿ ದಾಳಿ ಕಟ್ಟೋಕೂ ಬರಬೇಕು. 2016ರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ಕಪ್ ಗೆದ್ದಾಗ ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡೋ ನಾರ್ಮ್ ಸ್ಮಿತ್ ಪದಕ ಹೋಗಿದ್ದು ಹಾಫ್ ಬ್ಯಾಕ್‌ನಿಂದ ಚೆಂಡು ಹೊತ್ತು ಓಡಿದ ಜೇಸನ್ ಜೊಹಾನಿಸನ್‌ಗೆ.

ಆದರೆ ನಂಬಿಕೆಯ ಮಾತು ಬಂದಾಗ ನಾವು ನೋಡೋದು ಆ ಓಟಗಳನ್ನಲ್ಲ. ಸುಲಭದ 20 ಮೀಟರ್ ಕಿಕ್ ಖಾಲಿ ಇರೋ ಜೊತೆಗಾರನಿಗೆ ತಲುಪುತ್ತಾ? ಮೈದಾನದ ಅಡ್ಡಕ್ಕೆ, ಗೋಲಿನ ಎದುರು ಹಾದು ಹೋಗೋ ಮೋಹಕ ಕಿಕ್ಕನ್ನು ಬೇಡ ಅಂದಾಗ ಬಿಡ್ತಾನಾ? ಅಂಥ ಕಿಕ್ ಹತ್ತರಲ್ಲಿ ಒಂಬತ್ತು ಸಲ ಚಂದ ಕಾಣಬಹುದು. ಹತ್ತನೆಯದು ಎದುರಾಳಿಯ ಕೈ ಸೇರಿದರೆ ಅವನು ಗೋಲಿಗೆ ನೇರ ಎದುರಿಗೆ ಇರ್ತಾನೆ. ಮತ್ತೆ ಆ 12 ಡಿಗ್ರಿ.

ಬಾಯಿ ಬಿಡಬೇಕು

ಒಬ್ಬ ಒಬ್ಬನನ್ನು ಕಾಯೋ ಕಾಲ ಹೋಗಿದೆ. ಈಗ ಹಿಂದಿನ ಸಾಲು ಒಂದು ಬಲೆಯ ಹಾಗೆ ಸರಿಯುತ್ತೆ. ಒಬ್ಬ ಚೆಂಡಿಗೆ ಹೋದರೆ ಅವನು ಬಿಟ್ಟುಹೋದ ಎದುರಾಳಿಯನ್ನು ಇನ್ನೊಬ್ಬ ನೋಡಿಕೊಳ್ಳಬೇಕು. "ನಿನ್ನವನು ನನ್ನ ಹತ್ರ ಇದ್ದಾನೆ, ನೀನು ಹೋಗು" ಅಂತ ಯಾರಾದರೂ ಕೂಗಲೇಬೇಕು. 90 ಸಾವಿರ ಜನರ ಗದ್ದಲದಲ್ಲಿ ಅದು ಕೇಳಿಸಬೇಕು. ಎತ್ತರದವರು ಮೇಲೆ ನೋಡ್ತಿರುವಾಗ ಕೆಳಗಿನ ಚಿತ್ರ ಕಾಣೋದು ಚಿಕ್ಕವನಿಗೆ. ಅದಕ್ಕೇ ಒಳ್ಳೇ ಸ್ಮಾಲ್ ಡಿಫೆಂಡರ್‌ಗಳು ಸುಮ್ಮನಿರೋದಿಲ್ಲ. ಬಾಯಿ ಮುಚ್ಚಿಕೊಂಡು ತನ್ನವನನ್ನು ಮಾತ್ರ ಕಾಯ್ದವನು ತನ್ನ ಅಂಕಪಟ್ಟಿ ಕಾಯ್ದ ಹಾಗೆ. ತಂಡ ಸೋತಾಗ "ನನ್ನ ಎದುರಾಳಿ ಗೋಲು ಹೊಡೆದಿಲ್ಲ" ಅನ್ನೋ ಮಾತಿಗೆ ಬೆಲೆ ಇಲ್ಲ.

ಎದುರಾಳಿಯ ತಲೆಯೊಳಗೆ ಏನಿದೆ ಅಂತ ತಿಳಿದವನಿಗೆ ಇದು ಸ್ವಲ್ಪ ಸುಲಭ. ರಿಚ್ಮಂಡ್‌ನ ಆ ಚಿಕ್ಕ ಫಾರ್ವರ್ಡ್‌ಗಳಲ್ಲಿ ಒಬ್ಬನಾಗಿದ್ದ ಡೇನಿಯಲ್ ರಿಯೋಲಿ ಕೆಲವು ವರ್ಷಗಳ ನಂತರ ಹಿಂದಿನ ಸಾಲಿಗೆ ಬಂದು ಡಿಫೆಂಡರ್ ಆಗಿ ನೆಲೆಯೂರಿದ. ತಾನೇ ಹೆಕ್ಕಿ ತಿಂದ ಜಾಗಗಳು ಅವನಿಗೆ ಗೊತ್ತಿದ್ದವು.

ಯಾರು ಲೆಕ್ಕ ಇಡ್ತಾರೆ

ಸ್ಪಾಯ್ಲ್, ಸ್ಮದರ್, ಜೊತೆಗಾರನಿಗೆ ದಾರಿ ಬಿಡಿಸಿ ಕೊಡೋದು, ಇವನ್ನೆಲ್ಲ ಸೇರಿಸಿ ಫೂಟಿ ಅಂಕಿಅಂಶದಲ್ಲಿ 'ಒನ್ ಪರ್ಸೆಂಟರ್' ಅಂತ ಒಂದು ಕಾಲಂ ಇದೆ. ಹೆಸರೇ ಹೇಳುತ್ತೆ, ಒಂದೊಂದು ಪರ್ಸೆಂಟ್ ಕೆಲಸ. ಆದರೆ ಎದುರಾಳಿ ಓಡದೇ ಬಿಟ್ಟ ದಾರಿ, ಮಿಡ್‌ಫೀಲ್ಡರ್ ಒದೆಯದೇ ಬಿಟ್ಟ ಕಿಕ್, ಇವು ಪ್ರೇಕ್ಷಕರ ಯಾವ ಕಾಲಂನಲ್ಲೂ ಬರಲ್ಲ.

ಪ್ರಶಸ್ತಿಗಳ ಕಥೆಯೂ ಅಷ್ಟೇ. ಲೀಗ್‌ನ ದೊಡ್ಡ ಗೌರವ ಬ್ರೌನ್‌ಲೋ ಪದಕಕ್ಕೆ ಮತ ಹಾಕೋದು ಅಂಪೈರ್‌ಗಳು, ಅದು ಹೆಚ್ಚಾಗಿ ಮಿಡ್‌ಫೀಲ್ಡರ್‌ಗಳಿಗೇ ಹೋಗುತ್ತೆ. 1951ರಲ್ಲಿ ಜೀಲಾಂಗ್‌ನ ಬರ್ನಿ ಸ್ಮಿತ್ ಬ್ಯಾಕ್ ಪಾಕೆಟ್‌ನಲ್ಲಿ ಆಡಿ ಅದನ್ನು ಗೆದ್ದ. 1993ರಲ್ಲಿ ಎಸೆಂಡನ್‌ನ ಗ್ಯಾವಿನ್ ವಾಂಗನೀನ್ ಹಿಂದಿನ ಸಾಲಿನಿಂದಲೇ ಗೆದ್ದ. ಇಂಥ ಹೆಸರುಗಳನ್ನು ಹುಡುಕಿ ತೆಗೆಯಬೇಕು. ಆಟಗಾರರನ್ನು ಆರಿಸೋ ಡ್ರಾಫ್ಟ್‌ನಲ್ಲೂ ಎತ್ತರಕ್ಕೆ ಬೇಡಿಕೆ. ಅಡಿಲೇಡ್‌ನ ರೋರಿ ಲೇರ್ಡ್ 178 ಸೆಂಟಿಮೀಟರ್ ಆಸುಪಾಸಿನ ಹುಡುಗ. ಮುಖ್ಯ ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ ರೂಕಿ ಡ್ರಾಫ್ಟ್ ಮೂಲಕ ಒಳಗೆ ಬಂದವನು. 2017 ಮತ್ತು 2018ರಲ್ಲಿ ವರ್ಷದ ಶ್ರೇಷ್ಠ ತಂಡವಾದ ಆಲ್ ಆಸ್ಟ್ರೇಲಿಯನ್‌ನಲ್ಲಿ ಡಿಫೆಂಡರ್ ಆಗಿ ಜಾಗ ಪಡೆದ. ನಾಲ್ಕು ವರ್ಷ ವಾರ ವಾರವೂ ಅದೇ ಕೆಲಸ ಮಾಡಿದ ಮೇಲೆ ಜನರ ಕಣ್ಣಿಗೆ ಬಿದ್ದ ಅನ್ನೋದು ನಮ್ಮ ಅನಿಸಿಕೆ.

ನಮ್ಮ ಬ್ರಾಂಚ್‌ಗಳಲ್ಲಿ ರಿಲಯಬಿಲಿಟಿ ಅನ್ನೋ ಪದವನ್ನು ಎಲ್ಲರೂ ಓದ್ತೀವಿ. ಒಂದು ಯಂತ್ರ ಒಮ್ಮೆ ಎಷ್ಟು ಜೋರಾಗಿ ಓಡಿತು ಅನ್ನೋದಲ್ಲ, ಎಷ್ಟು ಕಾಲ ಕೆಡದೆ ಓಡಿತು, ಕೆಟ್ಟಾಗ ಎಷ್ಟು ಕಡಿಮೆ ಹಾನಿ ಮಾಡಿತು ಅನ್ನೋದೇ ಅದರ ಅಳತೆ. ಬ್ಯಾಕ್ ಪಾಕೆಟ್‌ನವನಿಗೂ ಅದೇ ಅಳತೆ. ಪ್ರಾಜೆಕ್ಟ್ ಡೆಮೋ ದಿನ ಎಲ್ಲ ಸರಿಯಾಗಿ ನಡೆದಾಗ, ಹಿಂದಿನ ರಾತ್ರಿ ಒಬ್ಬಳು ಕೂತು ವೈರಿಂಗ್ ಮತ್ತೊಮ್ಮೆ ನೋಡಿದ್ದಳು ಅನ್ನೋದು ಎಕ್ಸಾಮಿನರ್‌ಗೆ ಗೊತ್ತಾಗಲ್ಲ. ನಮಗೆ ಗೊತ್ತಿರಬೇಕು, ಅಲ್ವಾ?

ಗ್ರ್ಯಾಂಡ್ ಫೈನಲ್ ಸಾಮಾನ್ಯವಾಗಿ ಸೆಪ್ಟೆಂಬರ್‌ನ ಕೊನೆಯ ಶನಿವಾರ. ಮೆಲ್ಬರ್ನ್‌ನಲ್ಲಿ ಮಧ್ಯಾಹ್ನ ಎರಡೂವರೆಗೆ ಆಟ ಶುರುವಾದರೆ ನಮಗೆ ಬೆಳಗ್ಗೆ ಹತ್ತು. ಮೆಸ್ಸಿನ ತಿಂಡಿ ಮುಗಿಸಿ ಬಂದು ಕೂರಬಹುದು. ಮೊದಲ ಮೂರು ಕ್ವಾರ್ಟರ್ ಚೆಂಡನ್ನೇ ನೋಡಿ, ಕಿರುಚಿ, ಮಜಾ ಮಾಡಿ. ಕೊನೆಯ ಕ್ವಾರ್ಟರ್‌ನಲ್ಲಿ ಮಾತ್ರ ಚೆಂಡು ಬರೋ ಮುಂಚೆ ಗೋಲಿನ ಪಕ್ಕದ ಆ ಚಿಕ್ಕ ಆಳು ಎಲ್ಲಿ ನಿಂತಿದ್ದಾನೆ, ಯಾವ ದಾರಿ ಮುಚ್ಚಿ ಯಾವ ದಾರಿ ಬಿಟ್ಟಿದ್ದಾನೆ ಅಂತ ಒಮ್ಮೆ ನೋಡಿ. ಪಂದ್ಯ ಮುಗಿದ ಮೇಲೆ ಅವನ ಹೆಸರು ಏನು ಅಂತ ನಮ್ಮ ಗ್ರೂಪಿನಲ್ಲಿ ಬರೆಯಿರಿ. ನಾವೂ ನಮ್ಮ ಲೆಕ್ಕದ ಹೆಸರು ಬರೀತೀವಿ.